ಗೆರೆ ದಾಟಿದಲ್ಲೆಲ್ಲ ಜಾಯಿಂಟ್ ಇರುವುದಿಲ್ಲ

ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಸರ್, ನಮಸ್ಕಾರ್ರಿ. ನಾವು ಮೂವರು ಗೆಳೆಯರು ಕೂಡಿ ಶಹಾಪುರದಾಗ ಫೈಬರ್ ಇಂಟರ್‌ನೆಟ್ ಕೊಡ್ತೀವಿ. ಸಗರ, ಗೋಗಿ, ದೋರನಹಳ್ಳಿ ಕಡೆ ಲೈನ್ ಹೋಗ್ಯಾವ. ಮೊಬೈಲ್‌ನಾಗ ಜಿಪಿಎಸ್ ಹಿಡಿದು ಎಲ್ಲಾ ಕೇಬಲ್, ಎಲ್ಲಾ ಬಾಕ್ಸ್ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಾಗ ಏರಿಸೀವಿ. ಆದ್ರ ಪ್ರಿಂಟ್ ತೆಗೆದ್ರ ಹಳ್ಳಿ ಕಡೆ ಹಾಳಿ ಖಾಲಿ, ಬಸ್ ಸ್ಟ್ಯಾಂಡ್ ಹತ್ರ ಗೆರಿ ಮ್ಯಾಲ ಗೆರಿ. ಲೈನ್‌ಮನ್‌ಗಳು ಒಮ್ಮೆ ನೋಡಿ ಬದಿಗಿಡ್ತಾರ. ಕೈಲೆ ಬ್ಯಾರೆ ಚಿತ್ರ ಬರದ್ವಿ, ಎರಡು ತಿಂಗಳದಾಗ ಹಳೇದಾತು. ಸಾಫ್ಟ್‌ವೇರೇ ಸ್ವಚ್ಛ ಚಿತ್ರ ಮಾಡಿ ಕೊಡೋ ಹಾದಿ ಅದ ಏನ್ರಿ?
(ಶಹಾಪುರದ ಓದುಗರು)

ಉತ್ತರ: ಹಾದಿ ಅದ, ತಮ್ಮಾ. ಅರ್ಧ ಹಾದಿ ನೀವು ಆಗಲೇ ನಡೆದಿದ್ದೀರಿ. ಉಳಿದರ್ಧ ಹೇಳುವ ಮೊದಲು ನನ್ನದೊಂದು ರಾತ್ರಿಯ ಕಥೆ ಕೇಳಿ.

ನಾನು ಕಲಬುರಗಿಯಲ್ಲಿ ಟ್ರಾನ್ಸ್‌ಮಿಷನ್ ವಿಭಾಗದಲ್ಲಿದ್ದ ಕಾಲ. ಶ್ರಾವಣದ ಮಳೆ, ರಾತ್ರಿ ಒಂದು ದಾಟಿತ್ತು. ಜೇವರ್ಗಿ ಕಡೆಯ ಕೇಬಲ್ ಕಟ್ಟಾಗಿದೆ ಅಂತ ಫೋನ್ ಬಂತು. ಬಾಗಿಲ ಹಿಂದೆ ತೂಗುಹಾಕಿದ್ದ ಚಿತ್ರಕ್ಕೆ ಬ್ಯಾಟರಿ ಬಿಟ್ಟು ನೋಡಿದೆವು. ಎರಡು ಗೆರೆ ಒಂದನ್ನೊಂದು ದಾಟುವಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಎರಡೂ ಕೇಬಲ್ ಅಲ್ಲಿ ಕೂಡುತ್ತವೆ ಅಂದುಕೊಂಡು ಹೊರಟೆವು. ಫರಹತಾಬಾದ್ ದಾಟಿದ ಮೇಲೆ ಎರೆಹೊಲದ ಬದುವಿನಲ್ಲಿ, ಒಂದೊಂದು ಹೆಜ್ಜೆಗೂ ಬೂಟಿಗೆ ಸೇರುಗಟ್ಟಲೆ ಮಣ್ಣು. ಚೇಂಬರಿನ ಹಾಸುಗಲ್ಲು ಎತ್ತಿ ಜಾಯಿಂಟ್ ಬಿಚ್ಚಿದೆವು. ಅದು ಇನ್ನೊಂದು ಕೇಬಲ್ಲಿನದು, ಸರಿಯಾಗಿ ಕೆಲಸ ಮಾಡುತ್ತಿದ್ದದ್ದು. ಬಿಚ್ಚುವಾಗ ನೀಲಿ ಟ್ಯೂಬಿನ ಒಂದು ಕೋರ್ ನನ್ನ ಕಣ್ಣೆದುರೇ ಮುರಿಯಿತು. ಅಲ್ಲಿಯವರೆಗೆ ಫೋನ್ ಇದ್ದ ಊರುಗಳಲ್ಲೂ ಫೋನ್ ಸತ್ತಿತು. ಬೆಳಿಗ್ಗೆ ಆ ಟ್ರೇಸಿಂಗ್ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು, ಆ ಚುಕ್ಕೆ ಜಾಯಿಂಟ್ ಅಲ್ಲ. ಒಂದು ಗೆರೆಯ ಶಾಯಿ ಒಣಗುವ ಮೊದಲೇ ಇನ್ನೊಂದನ್ನು ಎಳೆದಿದ್ದರಿಂದ ಆದ ಕಲೆ.

ಅಂದಿನಿಂದ ಯಾರಾದರೂ ಜಾಲದ ಚಿತ್ರ ತೋರಿಸಿದರೆ ನಾನು ಮೊದಲು ಎಣಿಸುವುದು ಗೆರೆಗಳು ಎಷ್ಟು ಕಡೆ ಒಂದನ್ನೊಂದು ದಾಟುತ್ತವೆ ಅನ್ನುವುದನ್ನು. ಅಂದಚೆಂದ ಆಮೇಲೆ.

ನೀವು ಮಾಡಿರುವುದು ಭೂಪಟ. ಕೇಬಲ್ ಯಾವ ಹೊಲದ ಬದುವಿನಲ್ಲಿದೆ ಅಂತ ಅದು ಹೇಳುತ್ತದೆ, ಅಗೆಯುವವನಿಗೆ ಅದೇ ಬೇಕು. ಲೈನ್‌ಮನ್ ಕೇಳುವ ಪ್ರಶ್ನೆ ಬೇರೆ: ಈ ಬಾಕ್ಸಿಗೆ ಬೆಳಕು ಎಲ್ಲಿಂದ ಬರುತ್ತದೆ, ಇದನ್ನು ಬಿಚ್ಚಿದರೆ ಯಾರ ಮನೆಯದು ನಿಲ್ಲುತ್ತದೆ? ಬಸ್ ಕಂಡಕ್ಟರ್ ಕೈಯಲ್ಲಿನ ಸ್ಟೇಜ್ ಪಟ್ಟಿ ನೆನಪಿಸಿಕೊಳ್ಳಿ. ಕಲಬುರಗಿ, ಫರಹತಾಬಾದ್, ಜೇವರ್ಗಿ, ಶಹಾಪುರ, ಸುರಪುರ. ಭೀಮಾ ನದಿಯ ಸೇತುವೆ ಅದರಲ್ಲಿಲ್ಲ, ರಸ್ತೆಯ ತಿರುವೂ ಇಲ್ಲ. ಟಿಕೆಟ್ ಹರಿಯಲು ಅವು ಬೇಕಿಲ್ಲ. ನಿಮಗೆ ಬೇಕಾದದ್ದು ಅಂಥ ಪಟ್ಟಿ, ಕವಲುಗಳ ಸಮೇತ. ಭೂಪಟ, ಚಿತ್ರ ಎರಡೂ ಒಂದೇ ಮಾಹಿತಿಯಿಂದ ಹುಟ್ಟಬೇಕು. ಚಿತ್ರವನ್ನು ಬೇರೆಯಾಗಿ ಬರೆಯಲು ಕೂತಿರೋ, ಮತ್ತೆ ಎರಡು ತಿಂಗಳಲ್ಲಿ ಹಳತಾಗುತ್ತದೆ.

ಹಾಗಾಗಿ ಮೊದಲ ಕೆಲಸ ಮಾಹಿತಿಯದು, ಹೆಚ್ಚು ಹೊತ್ತು ಹಿಡಿಯುವುದೂ ಇದೇ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಕೇಬಲ್ಲಿನ ಗೆರೆ ಬಾಕ್ಸಿನಿಂದ ಒಂದು ಗೇಣು ಈಚೆಗೆ ನಿಂತಿದ್ದರೂ ಪರದೆಯ ಮೇಲೆ ಕೂಡಿದ ಹಾಗೇ ಕಾಣುತ್ತದೆ. ಸಾಫ್ಟ್‌ವೇರ್‌ಗೆ ಮಾತ್ರ ಅದು ಕೂಡಿಲ್ಲ. ಕ್ಯೂಜಿಐಎಸ್‌ನಲ್ಲಿ ಸ್ನ್ಯಾಪಿಂಗ್ ಆನ್ ಮಾಡಿಕೊಂಡು ಗೆರೆಯ ತುದಿಗಳನ್ನು ಬಾಕ್ಸಿಗೆ ಕೂಡಿಸಿ. ಟೊಪಾಲಜಿ ಚೆಕರ್ ಅನ್ನುವ ಪ್ಲಗಿನ್ ಜೊತೆಗೇ ಬರುತ್ತದೆ, ಜೋತುಬಿದ್ದ ತುದಿಗಳನ್ನೆಲ್ಲ ಅದು ಹುಡುಕಿ ಕೆಂಪಾಗಿ ತೋರಿಸುತ್ತದೆ. ಉದ್ದ ಲೆಕ್ಕ ಹಾಕಲು ಪದರವನ್ನು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಿ, ಕೋಡ್ 32643. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆ ಅದರಲ್ಲೇ ಬರುತ್ತವೆ.

ಆಮೇಲೆ ಪ್ರತಿ ಕೇಬಲ್ಲಿಗೂ ಎರಡು ಕಾಲಮ್ ಸೇರಿಸಿ: ಎಲ್ಲಿಂದ, ಎಲ್ಲಿಗೆ. ಈ ಪಟ್ಟಿಯನ್ನು ಹೊರತೆಗೆದು, ಇಂಥ ಪಟ್ಟಿಯಿಂದ ತಾನೇ ಚಿತ್ರ ಬರೆಯುವ ಗ್ರಾಫ್‌ವಿಜ್ ಸಾಫ್ಟ್‌ವೇರ್‌ಗೆ ಕೊಡಿ. ಅದು ಉಚಿತ, ಎಟಿ ಅಂಡ್ ಟಿ ಸಂಶೋಧನಾಲಯದಲ್ಲಿ ಹುಟ್ಟಿದ್ದು. ಅದಕ್ಕೆ ಬೇಕಾದ ಸಾಲು ಇಷ್ಟೇ:

"ಶಹಾಪುರ" -> "ಗೋಗಿ ಸ್ಪ್ಲಿಟರ್";

ಎಕ್ಸೆಲ್‌ನಲ್ಲೇ ಎರಡು ಕಾಲಮ್ ಜೋಡಿಸಿ ಇಂಥ ಸಾಲುಗಳನ್ನು ಮಾಡಿಕೊಳ್ಳಬಹುದು. ಅದರ ಡಾಟ್ ಲೇಔಟ್ ಆರಿಸಿ, ಎಡದಿಂದ ಬಲಕ್ಕೆ ಅಂತ ಹೇಳಿ. ನಿಮ್ಮ ಓಎಲ್‌ಟಿ (ಕಚೇರಿಯಿಂದ ಫೈಬರಿಗೆ ಬೆಳಕು ಬಿಡುವ ಯಂತ್ರ) ಎಡತುದಿಗೆ ಬರುತ್ತದೆ, ಒಂದು ಫೈಬರಿನ ಬೆಳಕನ್ನು ಹಲವಕ್ಕೆ ಹಂಚುವ ಮೊದಲ ಸ್ಪ್ಲಿಟರ್‌ಗಳು ಒಂದು ಸಾಲಿನಲ್ಲಿ, ಎರಡನೆಯವು ಮುಂದಿನ ಸಾಲಿನಲ್ಲಿ, ಮನೆಗಳು ಬಲತುದಿಗೆ. ಜಪಾನಿನ ಸುಗಿಯಾಮಾ ಮತ್ತು ಸಂಗಡಿಗರು 1981ರಲ್ಲಿ ಕೊಟ್ಟ ವಿಧಾನ ಇದರ ಬುನಾದಿ: ಮೊದಲು ಸಾಲು ಹಂಚುವುದು, ಆಮೇಲೆ ಒಂದೊಂದು ಸಾಲಿನೊಳಗೂ ಹಿಂದೆಮುಂದೆ ಮಾಡಿ ಗೆರೆ ದಾಟುವುದನ್ನು ಕಡಿಮೆ ಮಾಡುವುದು. ದಾಟುವಿಕೆಯನ್ನು ತೀರಾ ಕನಿಷ್ಠಕ್ಕೆ ಇಳಿಸುವ ಲೆಕ್ಕ ಎಷ್ಟು ಕಠಿಣದ್ದು ಅಂತ ಗ್ಯಾರಿ ಮತ್ತು ಜಾನ್ಸನ್ 1983ರಲ್ಲೇ ಸಾಧಿಸಿ ತೋರಿಸಿದ್ದಾರೆ. ಆದ್ದರಿಂದ ಯಂತ್ರ ಕೊಡುವುದು ಒಳ್ಳೆಯ ಅಂದಾಜು. ಕೊನೆಗೆ ಒಂದೆರಡು ಕಡೆ ನೀವು ಕೈ ಹಾಕಬೇಕಾಗಬಹುದು. ಉಳಿದ ದಾಟುವಿಕೆಯಲ್ಲಿ ಚುಕ್ಕೆಯ ಭ್ರಮೆ ಬರದಂತೆ, ಜಾಯಿಂಟ್‌ಗೆ ಯಾವಾಗಲೂ ಚೌಕದ ಗುರುತನ್ನೇ ಇಡಿ.

ಚಿತ್ರದಿಂದ ಏನು ಬಿಡಬೇಕು ಅನ್ನುವುದು ಅಷ್ಟೇ ಮುಖ್ಯ. ಕೇಬಲ್ ಒಳಗೆ ಬಂದು ಸುಮ್ಮನೆ ಆಚೆ ಹೋಗುವ ಚೇಂಬರ್‌ಗಳನ್ನು ತೆಗೆದು, ಆಚೀಚೆಯ ಉದ್ದ ಕೂಡಿಸಿ ಒಂದೇ ಗೆರೆ ಮಾಡಿ. ಹಣ ಕೊಟ್ಟು ಕೊಳ್ಳುವ ನಕ್ಷೆ ಸಾಫ್ಟ್‌ವೇರ್ ಆರ್ಕ್‌ಜಿಐಎಸ್ ಪ್ರೋದಲ್ಲಿ ಇದಕ್ಕೆಂದೇ ನಿಯಮಗಳಿವೆ. ಟೆಂಪ್ಲೇಟ್ ಒಮ್ಮೆ ಕಟ್ಟಿಟ್ಟರೆ ಸಾಕು, ಚೇಂಬರ್ ಬಿಡುವುದು, ಕವಲು ಜೋಡಿಸುವುದು ಎಲ್ಲ ತಾನೇ ಆಗುತ್ತದೆ. ಜಾಲ ಬದಲಾದರೆ ಚಿತ್ರ ಹಳತಾಗಿದೆ ಅಂತ ಗುರುತನ್ನೂ ತೋರಿಸುತ್ತದೆ. ದೊಡ್ಡ ಕಂಪನಿಗೆ ಅದು ಸರಿ. ಮೂವರು ನಡೆಸುವ ವ್ಯವಹಾರಕ್ಕೆ ಆ ಲೈಸೆನ್ಸ್ ಖರ್ಚು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಲುವೆ ದಾಟುವ ಜಾಗಗಳನ್ನು ಮಾತ್ರ ಬಿಡಬೇಡಿ. ನಿಮ್ಮ ಕಡೆ ಕಾಲುವೆ ಕೆಲಸಕ್ಕೆ ಜೆಸಿಬಿ ಬಂದರೆ ಮೊದಲು ಹೋಗುವುದು ಅಲ್ಲಿಯ ಕೇಬಲ್ಲೇ.

ಗೆರೆಯ ಮೇಲೆ ಬರೀ ಕೇಬಲ್ ನಂಬರ್ ಸಾಲದು, ಬೆಳಕಿನ ನಷ್ಟವನ್ನೂ ಬರೆಯಿಸಿ. 12 ಕಿಲೋಮೀಟರ್ ಲೈನ್ ಅಂತಿಟ್ಟುಕೊಳ್ಳಿ. ಕಿಲೋಮೀಟರಿಗೆ 0.35 ಡಿಬಿ (ಡೆಸಿಬೆಲ್, ನಷ್ಟ ಅಳೆಯುವ ಮಾನ) ಹಿಡಿದರೆ 4.2 ಆಯಿತು. ನಾಲ್ಕು ದಾರಿಯ ಸ್ಪ್ಲಿಟರ್‌ಗೆ ಸುಮಾರು 7.3, ಅದರ ಮುಂದೆ ಎಂಟು ದಾರಿಯದಕ್ಕೆ ಸುಮಾರು 10.5. ಫೈಬರ್ ಬೆಸೆದ ಎಂಟು ಸ್ಪ್ಲೈಸ್‌ಗೆ 0.8, ನಾಲ್ಕು ಕನೆಕ್ಟರ್‌ಗೆ 2. ಒಟ್ಟು 24.8 ಡಿಬಿ. ಹೀಗೆ ಸ್ಪ್ಲಿಟರ್ ಮೂಲಕ ಮನೆಗೆ ಫೈಬರ್ ಕೊಡುವ ಜಿಪಾನ್ ಪದ್ಧತಿಯಲ್ಲಿ ಬಿ ಪ್ಲಸ್ ದರ್ಜೆಯ ಯಂತ್ರ ತಾಳುವ ನಷ್ಟದ ಮಿತಿ 28. ಉಳಿದದ್ದು ಬರೀ 3.2. ಇದು ಹಾಳೆಯ ಮೇಲೆ ಕಂಡರೆ ಆ ಕವಲಿಗೆ ಇನ್ನೊಂದು ಸ್ಪ್ಲಿಟರ್ ಹಾಕಲು ಯಾರೂ ಮುಂದಾಗುವುದಿಲ್ಲ.

ಉದ್ದವನ್ನೂ ಎರಡು ಥರ ಬರೆಯಿರಿ, ನೆಲದ ಉದ್ದ ಮತ್ತು ಫೈಬರಿನ ಉದ್ದ. ಪ್ರತಿ ಜಾಯಿಂಟಿನಲ್ಲೂ ಕೇಬಲ್ ಸುರುಳಿ ಸುತ್ತಿ ಬಿಟ್ಟಿರುತ್ತೀರಲ್ಲ, ಕೇಬಲ್ ಎಷ್ಟು ದೂರದಲ್ಲಿ ಕಟ್ಟಾಗಿದೆ ಅಂತ ಬೆಳಕು ಬಿಟ್ಟು ಅಳೆಯುವ ಓಟಿಡಿಆರ್ ಮಷೀನು ಅದನ್ನೂ ಸೇರಿಸಿಯೇ ಹೇಳುತ್ತದೆ. ಮಷೀನು 7.3 ಕಿಲೋಮೀಟರ್ ಅಂದದ್ದು ರಸ್ತೆಯ ಮೇಲೆ 7ಕ್ಕೇ ಬರಬಹುದು. ಆ 300 ಮೀಟರ್‌ನಲ್ಲಿ ಬೇರೆಯವರ ಹತ್ತಿ ಹೊಲ ಅಗೆದು ಜಗಳ ಆಗಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಬೀದರ, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್ ಸುತ್ತುವ ರಿಂಗ್ ಒಂದರ ಚಿತ್ರ ನಾನು ನೋಡಿಕೊಳ್ಳುತ್ತೇನೆ. ಸ್ಪ್ರಿಂಗ್ ಲೇಔಟ್ ಬಳಸುತ್ತೇವೆ. ಒಂದು ಟವರ್ ಹೊಸದಾಗಿ ಸೇರಿಸಿದರೆ ಇಡೀ ಚಿತ್ರ ತಲೆಕೆಳಗಾಗುತ್ತದೆ. ನಿನ್ನೆ ಮೇಲಿದ್ದ ಬೀದರ ಇವತ್ತು ಕೆಳಗೆ. ಏನು ಮಾಡಲಿ, ಸರ್?
(ಭಾಲ್ಕಿಯ ಓದುಗರು)

ಉತ್ತರ: ಆ ಲೇಔಟ್ ಪ್ರತಿ ಗೆರೆಯನ್ನೂ ಸ್ಪ್ರಿಂಗ್ ಅಂತ, ಪ್ರತಿ ಬಿಂದುವನ್ನೂ ಒಂದನ್ನೊಂದು ದೂಡುವ ವಸ್ತು ಅಂತ ಎಣಿಸಿ, ಎಳೆದಾಟ ನಿಲ್ಲುವವರೆಗೆ ಸರಿಸುತ್ತಾ ಹೋಗುತ್ತದೆ. ಶುರುವಿಗೆ ಬಿಂದುಗಳನ್ನು ಕಣ್ಣುಮುಚ್ಚಿ ಎರಚಿದ ಹಾಗೆ ಇಟ್ಟುಬಿಟ್ಟರೆ ಪ್ರತಿ ಸಲ ಬೇರೆ ಕಡೆ ಹೋಗಿ ನಿಲ್ಲುತ್ತದೆ. ಶುರುವಿನ ಜಾಗಗಳನ್ನು ನಿಮ್ಮ ಭೂಪಟದಿಂದಲೇ ಕೊಡಿ. ಗ್ರಾಫ್‌ವಿಜ್‌ನ ನೀಟೋ ಅನ್ನುವ ಸ್ಪ್ರಿಂಗ್ ಲೇಔಟ್ ಬಳಸುತ್ತಿದ್ದರೆ ಜಾಗದ ಅಂಕಿಯ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಆ ಬಿಂದು ಅಲ್ಲಿಂದ ಅಲ್ಲಾಡುವುದಿಲ್ಲ. ನಾಲ್ಕು ಊರಿಗೂ ಮೊಳೆ ಹೊಡೆದ ಹಾಗೆ ಮಾಡಿ, ಹೊಸ ಟವರ್‌ಗಳನ್ನಷ್ಟೇ ಸಡಿಲ ಬಿಡಿ. ಹತ್ತು ವರ್ಷ ನೋಡಿದವನ ಕಣ್ಣು ಬೀದರವನ್ನು ಅದೇ ಜಾಗದಲ್ಲಿ ಹುಡುಕುತ್ತದೆ, ಆ ರೂಢಿಯನ್ನು ಕೆಡಿಸಬಾರದು.

ಇನ್ನೊಂದು ಮಾತು. ರಿಂಗ್ ಇದ್ದಲ್ಲಿ ಮರದಂಥ ಲೇಔಟ್ ಹಾಕಲೇಬೇಡಿ. ಅದು ರಿಂಗನ್ನು ಒಂದು ಕಡೆ ಹರಿದು, ಉಳಿದ ಲಿಂಕನ್ನು ಚಿತ್ರದ ಆ ತುದಿಯಿಂದ ಈ ತುದಿಗೆ ಎಳೆಯುತ್ತದೆ. ನೋಡಿದವರಿಗೆ ಅದು ಬೇಡದ ಗೆರೆ ಅನ್ನಿಸುತ್ತದೆ. ಹುಮನಾಬಾದ್ ಕಡೆ ಕಟ್ಟಾದರೆ ಊರುಗಳನ್ನು ಉಳಿಸುವುದು ಅದೇ ಗೆರೆ.

ಪ್ರಶ್ನೆ: ಊರ ಹೆಸರು ಕನ್ನಡದಲ್ಲಿ ಬರೆದರೆ ನಕ್ಷೆಯಲ್ಲಿ ಗಜಿಬಿಜಿ ಅಕ್ಷರ ಬರುತ್ತವೆ. ಕನ್ನಡ ಬಿಟ್ಟುಬಿಡಲೇ?
(ಕಲಬುರಗಿಯ ವಿದ್ಯಾರ್ಥಿನಿ)

ಉತ್ತರ: ಬಿಡಬೇಡಮ್ಮಾ. ನಿನಗೆ ಸಿಕ್ಕ ಪಟ್ಟಿ ಬಹುಶಃ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಮೊದಲು ಯುನಿಕೋಡ್‌ಗೆ ಪರಿವರ್ತಿಸು. ನಕ್ಷೆಯ ಮಾಹಿತಿಯನ್ನು ಶೇಪ್‌ಫೈಲ್ ಅನ್ನುವ ಹಳೇ ಫೈಲ್ ರೂಪ ಬಿಟ್ಟು ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸು. ಶೇಪ್‌ಫೈಲ್‌ನಲ್ಲಿ ಕಾಲಮ್ಮಿನ ಹೆಸರಿಗೆ 10 ಬೈಟ್ ಮಾತ್ರ ಜಾಗ. ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಮೂರಕ್ಕೇ ಮುಗಿಯಿತು. ಗ್ರಾಫ್‌ವಿಜ್ ಚಿತ್ರವನ್ನು ಎಸ್‌ವಿಜಿಯಾಗಿ ತೆಗೆದು ಬ್ರೌಸರ್‌ನಲ್ಲಿ ತೆರೆ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಹೆಸರನ್ನು ಲೈನ್‌ಮನ್ ಕರೆಯುವ ಹಾಗೇ ಬರೆ. "ಹುಣಸಿ ಗಿಡದ ಬಾಕ್ಸ್" ಅಂದರೆ ಅವರು ನಡುರಾತ್ರಿಯಲ್ಲೂ ನೆಟ್ಟಗೆ ಹೋಗಿ ನಿಲ್ಲುತ್ತಾರೆ. ಕೋಡ್ ನಂಬರ್ ಕೆಳಗೆ ಸಣ್ಣಗೆ ಇರಲಿ.