ಲ್ಹಾಸಾದ ಹೋಟೆಲಿನಲ್ಲಿ ಆಮ್ಲಜನಕದ ರೂಮು ಬೇಕೇ?

ಪ್ರಶ್ನೆ: ನಾನು (62) ಮತ್ತು ನನ್ನ ಯಜಮಾನರು (67) ಜೂನ್ ತಿಂಗಳಲ್ಲಿ ಕೈಲಾಸ–ಮಾನಸ ಸರೋವರ ಯಾತ್ರೆಗೆಂದು ಕಠ್ಮಂಡುವಿನಿಂದ ವಿಮಾನದಲ್ಲಿ ಲ್ಹಾಸಾಕ್ಕೆ ಹೋಗಿ, ಅಲ್ಲಿ ಮೂರು ರಾತ್ರಿ ತಂಗಲಿದ್ದೇವೆ. ಹೆಚ್ಚು ಹಣ ಕೊಟ್ಟರೆ ಹೋಟೆಲಿನಲ್ಲಿ ಆಮ್ಲಜನಕ ಹಾಯಿಸುವ ರೂಮು ಸಿಗುತ್ತದೆಂದು ಏಜೆಂಟರು ಹೇಳುತ್ತಾರೆ. ತೆಗೆದುಕೊಳ್ಳಬೇಕೇ? ರೂಮಿನಲ್ಲೇ ಅನ್ನ ಮಾಡಿಕೊಳ್ಳಲು ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಮೂರೂ ರಾತ್ರಿಗೆ ಬೇಡ, ಮೊದಲ ರಾತ್ರಿಗೆ ಬೇಕೆನಿಸಿದರೆ ತೆಗೆದುಕೊಳ್ಳಿ. ಲ್ಹಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೆ ಹೆಚ್ಚು ಕಡಿಮೆ ಅಷ್ಟಾಗುತ್ತದೆ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ 21ರಷ್ಟೇ ಇದ್ದರೂ, ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗಕ್ಕೆ ಇಳಿದಿರುವುದರಿಂದ ಒಂದೊಂದು ಉಸಿರಿಗೂ ದಕ್ಕುವುದು ಕಡಿಮೆ. ರೂಮಿನೊಳಗೆ ಯಂತ್ರದಿಂದ ಆಮ್ಲಜನಕ ಬಿಟ್ಟು ಆ ಪಾಲನ್ನು 21ರಿಂದ 22ಕ್ಕೆ ಏರಿಸಿದರೆ ದೇಹಕ್ಕೆ ಸುಮಾರು 300 ಮೀಟರ್ ಕೆಳಗಿಳಿದಂತೆ. ಶೇ 24 ಇರುವ ರೂಮಿನಲ್ಲಿ ಮಲಗುವುದೆಂದರೆ 2,750 ಮೀಟರ್ ಎತ್ತರದಲ್ಲಿ ಮಲಗಿದಂತೆ. ನಿದ್ದೆ ಬರುತ್ತದೆ, ತಲೆನೋವು ತಗ್ಗುತ್ತದೆ. ಪೊಟಾಲಾ ಅರಮನೆ, ಜೋಖಾಂಗ್ ಗುಡಿ ನೋಡಿಕೊಂಡು ಹಿಂದಿರುಗುವವರಿಗೆ ಇದರಲ್ಲಿ ನಷ್ಟವೇನೂ ಇಲ್ಲ. ಆದರೆ ನೀವು ಅಲ್ಲಿಂದ ಮಾನಸ ಸರೋವರಕ್ಕೆ, ಅಂದರೆ ಸುಮಾರು 4,590 ಮೀಟರಿಗೆ ಏರುವವರು. ಪರಿಕ್ರಮ ಮಾಡುವುದಾದರೆ ಡೋಲ್ಮಾ ಲಾ ಎಂಬ ಬೆಟ್ಟದ ಕಣಿವೆಯ ಬಳಿ ದಾರಿ 5,600 ಮೀಟರ್ ದಾಟುತ್ತದೆ. ಲ್ಹಾಸಾದಲ್ಲಿ ಮೂರು ರಾತ್ರಿ ಇರಿಸುವುದೇ ದೇಹ ಆ ಎತ್ತರಕ್ಕೆ ಒಗ್ಗಲೆಂದು. ಒಗ್ಗಬೇಕಾದ ರಾತ್ರಿಗಳನ್ನು ಕೃತಕವಾಗಿ ತಗ್ಗಿಸಿದ ಎತ್ತರದಲ್ಲಿ ಕಳೆದರೆ, ದುಡ್ಡು ಕೊಟ್ಟು ಅಭ್ಯಾಸ ತಪ್ಪಿಸಿಕೊಂಡಂತಾಗುತ್ತದೆ.

ಮೊದಲ ರಾತ್ರಿ ನಿಮ್ಮನ್ನು ಹೆದರಿಸಬಹುದಾದ ಸಂಗತಿಯೊಂದನ್ನು ಈಗಲೇ ಹೇಳಿಬಿಡುತ್ತೇನೆ. ನಿದ್ದೆಯಲ್ಲಿ ಯಜಮಾನರ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ದೀರ್ಘವಾದ ಏದುಸಿರಿನೊಂದಿಗೆ ಮತ್ತೆ ಶುರುವಾಗಬಹುದು. ನಿಮಗೂ ಹಾಗೆಯೇ ಆಗುತ್ತಿರುತ್ತದೆ, ಆದರೆ ಅದು ಅವರಿಗೆ ತಿಳಿಯಬೇಕಷ್ಟೆ. ವಿರಳ ಗಾಳಿಯಲ್ಲಿ ನಾವು ಬೇಗ ಬೇಗ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಉಸಿರೆಳೆ ಎನ್ನುವ ಮೆದುಳಿನ ಅಪ್ಪಣೆ ಒಂದಿಷ್ಟು ಹೊತ್ತು ತಡೆಯುತ್ತದೆ. ಆರೋಗ್ಯವಂತರಲ್ಲೂ ಇದು ಸಾಮಾನ್ಯ. ಹಾಗೆಂದು ನಿದ್ದೆ ಮಾತ್ರೆ ನುಂಗಬಾರದು, ಉಸಿರಾಟ ಇನ್ನಷ್ಟು ಮಂದವಾದೀತು. ಅಸೆಟಜೋಲಮೈಡ್ ಮಾತ್ರೆ ಇಂಥ ನಿದ್ದೆಗೂ, ದೇಹ ಒಗ್ಗುವುದಕ್ಕೂ ನೆರವಾಗುತ್ತದೆ. ಸಲ್ಫಾ ಔಷಧ ಒಗ್ಗದಿರುವುದು, ಬಿಪಿ, ಮೂತ್ರಪಿಂಡದ ತೊಂದರೆ ಏನೇ ಇದ್ದರೂ ಹೊರಡುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ, ಅವರು ಹೇಳಿದಷ್ಟೇ ತೆಗೆದುಕೊಳ್ಳಿ.

ಸುಮ್ಮನೆ ಕುಳಿತಿದ್ದರೂ ಏದುಸಿರು, ನೊರೆ ಕಫದ ಕೆಮ್ಮು, ನಡೆಯುವಾಗ ಓಲಾಟ, ಮಾತಿನಲ್ಲಿ ಗೊಂದಲ ಇವು ಕಂಡರೆ ಮಾತ್ರ ಬೆಳಗಾಗಲೆಂದು ಕಾಯದೆ ರಿಸೆಪ್ಷನ್ನಿನವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ನಿಜವಾದ ಮದ್ದು ಕೆಳಗಿಳಿಯುವುದು. ಸುತ್ತಲೂ ಎತ್ತರದ ನೆಲವೇ ಆಗಿರುವ ಲ್ಹಾಸಾದಿಂದ ಬೇಗ ಇಳಿಯುವುದೆಂದರೆ ಕಠ್ಮಂಡುವಿಗೋ ಚೀನಾದ ತಗ್ಗಿನ ನಗರ ಚೆಂಗ್ಡುವಿಗೋ ವಿಮಾನ ಹತ್ತುವುದೇ. ಆಮ್ಲಜನಕದ ರೂಮು ಅದಕ್ಕೆ ಬದಲಿಯಲ್ಲ.

ಇನ್ನು ಕುಕ್ಕರ್. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಪ್ರೆಶರ್ ಇಲ್ಲದ ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅಕ್ಕಿ ಗಟ್ಟಿಯಾಗಿಯೇ ಉಳಿಯುತ್ತದೆ. ರೂಮಿನಲ್ಲಿ ಅಡುಗೆ ಮಾಡುವುದನ್ನು ಹೋಟೆಲಿನವರು ಒಪ್ಪುವುದೂ ಅನುಮಾನ. ಅವಲಕ್ಕಿ ಒಯ್ಯಿರಿ, ಕೆಟಲಿನ ಬಿಸಿನೀರು ಸಾಕು. ಯಾತ್ರಿಕರಾದ್ದರಿಂದ ಇನ್ನೊಂದು ಮಾತು: ಆಮ್ಲಜನಕ ಹೆಚ್ಚಿರುವ ರೂಮಿನಲ್ಲಿ ಬೆಂಕಿ ಬೇಗ ಹಬ್ಬುತ್ತದೆ, ಆದ್ದರಿಂದ ಪೂಜೆಗೆಂದು ಊದಿನಕಡ್ಡಿ, ಕರ್ಪೂರ ಹಚ್ಚಬೇಡಿ.

ಹೋಟೆಲಿನ ಗಡಿಯಾರ ಬೀಜಿಂಗ್ ಸಮಯವನ್ನು ತೋರಿಸುತ್ತದೆ, ನಮಗಿಂತ ಎರಡೂವರೆ ಗಂಟೆ ಮುಂದೆ. ಜೂನ್‌ನಲ್ಲಿ ಅಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ ಸೂರ್ಯ ಹುಟ್ಟಿ ರಾತ್ರಿ ಒಂಬತ್ತರ ಹೊತ್ತಿಗೆ ಮುಳುಗುತ್ತಾನೆ. ಧಾರವಾಡದ ಅಭ್ಯಾಸದಂತೆ ಐದಕ್ಕೇ ಎದ್ದು ವಾಕಿಂಗ್ ಹೊರಡುವ ಯಜಮಾನರನ್ನು ಮೊದಲೆರಡು ದಿನ ಮಲಗಿಸಿಯೇ ಇರಿ.