ಮುದ್ದೆ ಅರ್ಧವಾದರೆ ಮಾತ್ರೆಯ ಲೆಕ್ಕವೂ ಬದಲಾಗಬೇಕು

ಪ್ರಶ್ನೆ: ನನಗೆ 52 ವರ್ಷ, ಬೇಸಾಯ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ದಿನಕ್ಕೆ ಎರಡು. ಬೆಳಿಗ್ಗೆ, ಮಧ್ಯಾಹ್ನ ಒಂದೊಂದು ಮುದ್ದೆ, ರಾತ್ರಿ ಅನ್ನ, ನಾಲ್ಕು ಸಲ ಕಾಫಿ. ನಮ್ಮೂರಲ್ಲೊಬ್ಬರು ಮುದ್ದೆ, ಅನ್ನ ಎರಡನ್ನೂ ಬಿಟ್ಟು ಎಂಟು ಕಿಲೋ ಇಳಿದಿದ್ದಾರೆ. ನಾನೂ ನಾಳೆಯಿಂದಲೇ ಬಿಡಬಹುದೇ?
– ಓದುಗರು, ಹೊಳೆನರಸೀಪುರ ತಾಲ್ಲೂಕು

ಉತ್ತರ: ನಾಳೆಯಿಂದಲೇ ಬೇಡ. ಮೊದಲು ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕಾಣಿ. ಗ್ಲಿಮಿಪಿರೈಡ್ ನೀವು ಎಷ್ಟು ಉಂಡಿರಿ ಎಂದು ನೋಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಪಿಷ್ಟ (ಕಾರ್ಬೋಹೈಡ್ರೇಟ್) ಒಮ್ಮೆಲೇ ತಗ್ಗಿದರೆ ಎರಡು ಮೂರು ದಿನದಲ್ಲೇ ಶುಗರ್ 70ಕ್ಕಿಂತ ಕೆಳಗಿಳಿದು, ಹೊಲದಲ್ಲಿದ್ದಾಗಲೇ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ಬಹಳ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳ ತೊಂದರೆ ಬೇರೆ ಬಗೆಯದು: ಅವನ್ನು ನುಂಗುತ್ತಾ ಪಿಷ್ಟವನ್ನು ತೀರಾ ಕಡಿಮೆ ಮಾಡಿದರೆ, ಶುಗರ್ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಹೆಚ್ಚಿ ವಾಂತಿ, ಹೊಟ್ಟೆನೋವು, ಏದುಸಿರು ಬರಬಹುದು. ಆಗ ಗ್ಲೂಕೋಮೀಟರ್ ನೋಡಿ ಸಮಾಧಾನಪಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ನಿಮ್ಮ ಊಟದ ಲೆಕ್ಕ. ಮುದ್ದೆ ತೂಗಬೇಡಿ, ಹಿಟ್ಟು ತೂಗಿ. ನೀರಿನ ಪ್ರಮಾಣ ದಿನಕ್ಕೊಂದು ಥರ ಇರುತ್ತದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಒಂದೊಂದು ಮುದ್ದೆಗೆ 100 ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ಎರಡಕ್ಕೆ 135 ಗ್ರಾಂ. ರಾತ್ರಿಯ ಅನ್ನಕ್ಕೆ 75 ಗ್ರಾಂ ಅಕ್ಕಿ ಹಿಡಿದರೂ 58. ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಂಡರೆ ನಾಲ್ಕು ಲೋಟಕ್ಕೆ 40. ಕಾಳು, ಹಾಲು, ತರಕಾರಿ ಸೇರಿ ದಿನಕ್ಕೆ 280 ದಾಟುತ್ತದೆ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ಪಿಷ್ಟದ ಊಟ ಎನ್ನುತ್ತಾರೆ, 50ಕ್ಕಿಂತ ಕೆಳಗಿನದು ಕೀಟೋ. ನಿಮಗೆ 130ರ ಆಸುಪಾಸು ಸಾಕು. ಮುದ್ದೆಯನ್ನು ಪೂರ್ತಿ ಬಿಡುವ ಅಗತ್ಯವೇ ಇಲ್ಲ.

ಮೊದಲ ವಾರ ಕಾಫಿಯ ಸಕ್ಕರೆ ಮತ್ತು ಸಂಜೆಯ ಬೋಂಡ, ಬಿಸ್ಕತ್ತು ನಿಲ್ಲಿಸಿ. ಎರಡನೇ ವಾರ ರಾತ್ರಿಯ ಅನ್ನದ ಬದಲು ಎರಡು ಮೊಟ್ಟೆ ಅಥವಾ ಕೋಳಿ ಸಾರಿನ ತುಂಡು, ಜೊತೆಗೆ ಒಂದು ಬಟ್ಟಲು ಪಲ್ಯ. ಮೂರನೇ ವಾರದಿಂದ ಒಂದೊಂದು ಮುದ್ದೆಗೆ 50 ಗ್ರಾಂ ಹಿಟ್ಟು. ಅಲ್ಲಿಗೆ ಮುದ್ದೆಯಿಂದ 68, ಕಾಳಿನಿಂದ 30, ಹಾಲು ಮೊಸರಿನಿಂದ 15, ತರಕಾರಿಯಿಂದ 15. ಲೆಕ್ಕ ಕೂಡಿತು.

ಹೆಚ್ಚಿನವರು ಸೋಲುವುದು ಮುಂದಿನ ಹೆಜ್ಜೆಯಲ್ಲಿ. ಮುದ್ದೆ ಅರ್ಧವಾಯಿತು, ಆ ಜಾಗಕ್ಕೆ ಏನೂ ಬರಲಿಲ್ಲ. ನಾಲ್ಕು ಗಂಟೆಗೆ ಹಸಿವು, ಕೈಗೆ ಪುರಿ. ಅರ್ಧ ಮುದ್ದೆಯ ಜಾಗಕ್ಕೆ ಕಾಳು ಬರಬೇಕು. ಬಸ್ಸಾರು ಮಾಡಿದ ದಿನ ಬಸಿದ ನೀರಿನ ಸಾರಿಗಿಂತ ಸೊಪ್ಪು-ಕಾಳಿನ ಪಲ್ಯವೇ ಮುಖ್ಯ, ಪ್ರೋಟೀನು ಬಹುಪಾಲು ಉಳಿದಿರುವುದು ಅಲ್ಲಿ. ಹುರಳಿ ಕಟ್ಟಿಗೂ ಇದೇ ಮಾತು: ಕಟ್ಟು ಕುಡಿದು ಕಾಳನ್ನು ದನಕ್ಕೆ ಹಾಕಬೇಡಿ. 45 ಗ್ರಾಂ ಒಣ ಹುರಳಿಯಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಹಾಸನದ ಸೀಮೆಯಲ್ಲಿ ಸಾರಿಗೆಲ್ಲ ಆಲೂಗಡ್ಡೆ ಬೀಳುತ್ತದೆ. ಅದು ತರಕಾರಿಯಲ್ಲ, ಅನ್ನದ ಲೆಕ್ಕ. 150 ಗ್ರಾಂ ಗಡ್ಡೆಯಲ್ಲಿ 25 ಗ್ರಾಂಗಿಂತ ಹೆಚ್ಚು ಪಿಷ್ಟ.

ಮೊದಲ ಮೂರು ನಾಲ್ಕು ವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮತ್ತು ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿ ಬರೆದಿಡಿ. ಆ ಚೀಟಿ ನೋಡಿಯೇ ವೈದ್ಯರು ಮಾತ್ರೆ ತಗ್ಗಿಸುವುದು. 70ಕ್ಕಿಂತ ಇಳಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಮೂರು ತಿಂಗಳಿಗೆ, ಅಷ್ಟು ದಿನದ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಮಾಡಿಸಿ. ಮೂತ್ರಪಿಂಡದ ತೊಂದರೆ ಇದ್ದರೆ ಕಾಳು, ಮೊಟ್ಟೆ ಹೆಚ್ಚಿಸುವ ಮುನ್ನ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಅಳೆಯುವ) ಪರೀಕ್ಷೆ ಆಗಲೇಬೇಕು.

ಪ್ರಶ್ನೆ: ವಯಸ್ಸು 38, ತೂಕ 74 ಕಿಲೋ, ಕಾಯಿಲೆ ಏನಿಲ್ಲ, ಸಸ್ಯಾಹಾರಿ. ಕಡುಬು, ಅಕ್ಕಿ ರೊಟ್ಟಿ, ಅನ್ನ ಎಲ್ಲ ಬಿಟ್ಟು ತುಪ್ಪ, ತೆಂಗಿನಕಾಯಿ, ಗೋಡಂಬಿ, ಪನೀರ್ ತಿನ್ನುತ್ತಿದ್ದೇನೆ. ಹತ್ತು ದಿನದಲ್ಲಿ ಮೂರು ಕಿಲೋ ಇಳಿಯಿತು, ಆಮೇಲೆ ಎರಡು ತಿಂಗಳಿಂದ ಅಲ್ಲಾಡಿಲ್ಲ. ತಲೆನೋವು, ಮೀನಖಂಡ ಹಿಡಿಯುವುದು, ಮಲಬದ್ಧತೆ ಬೇರೆ.
– ಓದುಗರು, ಮೂಡಿಗೆರೆ

ಉತ್ತರ: ಆ ಮೂರು ಕಿಲೋದಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು. ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಪಿಷ್ಟ ಕೂಡಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಮೂರು ಗ್ರಾಂನಷ್ಟು ನೀರು ಹಿಡಿದಿರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ, ಜೊತೆಗೆ ಉಪ್ಪೂ. ತಲೆನೋವು, ಸೆಳೆತಕ್ಕೆ ಇದೇ ಕಾರಣವಿರಬಹುದು. ಬಿ.ಪಿ. ಇಲ್ಲದ ನೀವು ದಿನಕ್ಕೊಂದು ಸಲ ಅರ್ಧ ಚಮಚ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಒಂದು ವಾರದಲ್ಲಿ ಕಡಿಮೆಯಾಗದಿದ್ದರೆ ಪರೀಕ್ಷೆ ಮಾಡಿಸಿ.

ತೂಕ ನಿಂತದ್ದಕ್ಕೆ ಕಾರಣ ನೀವೇ ಬರೆದ ಪಟ್ಟಿಯಲ್ಲಿದೆ. 100 ಗ್ರಾಂ ಕಾಯಿತುರಿ, 50 ಗ್ರಾಂ ಗೋಡಂಬಿ, ಎರಡು ದೊಡ್ಡ ಚಮಚ ತುಪ್ಪ ಸೇರಿದರೆ ಸುಮಾರು 900 ಕ್ಯಾಲೊರಿ. ಕಾಲು ಕಿಲೋ ಅಕ್ಕಿಯಲ್ಲಿರುವುದೂ ಅಷ್ಟೇ. ಗೋಡಂಬಿಯಲ್ಲಿ ಪಿಷ್ಟವೂ ಕಡಿಮೆಯೇನಲ್ಲ, 50 ಗ್ರಾಂಗೆ 15. ಅದನ್ನು ಬಿಟ್ಟು ಒಂದು ಹಿಡಿ ಕಡಲೆಕಾಯಿ ಬೀಜ ಸಾಕು. ತುಪ್ಪ ದಿನಕ್ಕೆ ಎರಡು ಸಣ್ಣ ಚಮಚ. ದಿನಕ್ಕೆ 60ರಿಂದ 70 ಗ್ರಾಂ ಪ್ರೋಟೀನ್ ಬೇಕು: 100 ಗ್ರಾಂ ಪನೀರ್‌ನಿಂದ 18, 50 ಗ್ರಾಂ ಸೋಯಾ ಚಂಕ್ಸ್‌ನಿಂದ 25, ಉಳಿದದ್ದು ಕಾಳು, ಮೊಸರಿನಿಂದ. ಮಲಬದ್ಧತೆಗೆ ಸೊಪ್ಪು, ಬೀನ್ಸ್, ಸೌತೆಕಾಯಿ ಜೊತೆಗೆ ನೀರು. ಮಳೆಗಾಲದಲ್ಲಿ ನಿಮ್ಮ ಕಡೆ ಸಿಗುವ ಕಳಲೆ (ಎಳೆ ಬಿದಿರು) ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಕಹಿನೀರು ಬದಲಾಯಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇದೆ.

ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಈಗಲೇ ಮಾಡಿಸಿ. ಈ ಪಥ್ಯದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಾಮಾನ್ಯವಾಗಿ ಇಳಿಯುತ್ತದೆ, ಅದು ಲಾಭ. ತುಪ್ಪ, ಕಾಯಿ ಮಿತಿ ಮೀರಿದರೆ ಕೆಲವರಿಗೆ ಕೆಟ್ಟ ಕೊಲೆಸ್ಟರಾಲ್ ಆದ ಎಲ್‌ಡಿಎಲ್ ಏರುತ್ತದೆ. ಕಡುಬಿಗಾಗಿ ಮನಸ್ಸು ಎಳೆಯುತ್ತಿದ್ದರೆ ವಾರಕ್ಕೊಮ್ಮೆ ಎರಡು ತಿನ್ನಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆ ಇಲ್ಲದ 609 ಮಂದಿಯ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ಕೊನೆಗೆ ಪಿಷ್ಟ ತಗ್ಗಿಸಿದವರು ಸರಾಸರಿ 6 ಕಿಲೋ, ಕೊಬ್ಬು ತಗ್ಗಿಸಿದವರು 5.3 ಕಿಲೋ ಇಳಿದಿದ್ದರು. ಹೇಳಿಕೊಳ್ಳುವಂಥ ಅಂತರವಲ್ಲ. ನಿಮ್ಮಿಂದ ವರ್ಷವಿಡೀ ನಡೆಸಲಾಗುವ ಊಟವನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲದ ಕಾಫಿ, ಅಕ್ಕಿ ಬದಲು ನವಣೆ ಆದರೆ ಪಿಷ್ಟ ಕಡಿಮೆಯಾಗುತ್ತದೆಯೇ?
– ಓದುಗರು, ಕಡೂರು

ಉತ್ತರ: ಬೆಲ್ಲದಿಂದ ಇಲ್ಲ. 10 ಗ್ರಾಂ ಬೆಲ್ಲದಲ್ಲಿ ಎಂಟರಿಂದ ಒಂಬತ್ತು ಗ್ರಾಂ ಸಕ್ಕರೆಯೇ. ನವಣೆಯಿಂದ ಸ್ವಲ್ಪ: 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟವಿದ್ದರೆ ನವಣೆಯಲ್ಲಿ 60ರಿಂದ 65. ನಾರು ಹೆಚ್ಚು, ನಿಜ. ಆದರೆ ಅನ್ನದಷ್ಟೇ ರಾಶಿ ಬಡಿಸಿಕೊಂಡರೆ ಆ ಲಾಭ ಬಹಳ ಉಳಿಯುವುದಿಲ್ಲ. ಕಾಫಿಗೆ ಗಟ್ಟಿ ಡಿಕಾಕ್ಷನ್, 50 ಮಿ.ಲೀ. ಹಾಲು ಹಾಕಿ, ಸಿಹಿಯನ್ನು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಬನ್ನಿ. ನಾಲ್ಕು ವಾರದಲ್ಲಿ ಎರಡು ಚಮಚವೂ ಬಿಟ್ಟುಹೋಗುತ್ತದೆ.