ಒಂದೇ ಮನೆಯಲ್ಲಿ ಬದುಕಿದ್ದರಿಂದ ಗಾಂಗ್ ಬ್ಯಾಂಡಿಗೆ ಸಿಕ್ಕಿದ್ದೇನು?

ಎಪ್ಪತ್ತರ ದಶಕದ ಸೈಕೆಡೆಲಿಕ್ ರಾಕ್ (ಕೇಳುಗರನ್ನು ಕನಸಿನಂಥ ಲೋಕಕ್ಕೆ ಒಯ್ಯುವ ರಾಕ್ ಸಂಗೀತ) ಬ್ಯಾಂಡಿನವರು ಒಟ್ಟಿಗೆ ಒಂದೇ ಮನೆಯಲ್ಲಿ ಇರುತ್ತಿದ್ದರಲ್ಲ, ಅದು ಬರೀ ಹಿಪ್ಪಿ ಶೋಕಿಯೋ ಅಥವಾ ಸಂಗೀತಕ್ಕೂ ಏನಾದರೂ ಲಾಭ ಆಯಿತೋ ಅಂತ ಕೇಳಿದ್ದೀರಿ. ಖಂಡಿತ ಲಾಭ ಆಯಿತು. ನಾನು ತುಂಬಾ ಇಷ್ಟಪಟ್ಟು ಕೇಳುವ ಗಾಂಗ್ ಬ್ಯಾಂಡಿನ ವಿಷಯವನ್ನೇ ಹೇಳುತ್ತೇನೆ.

ಈ ಬ್ಯಾಂಡ್ ಹುಟ್ಟಿದ್ದೇ ಒಂದು ವೀಸಾ ತಕರಾರಿನಿಂದ. ಆಸ್ಟ್ರೇಲಿಯಾದ ಡೇವಿಡ್ ಆಲೆನ್ ಆಗ ಇಂಗ್ಲೆಂಡಿನ ಸಾಫ್ಟ್ ಮಷೀನ್ ಬ್ಯಾಂಡಿನಲ್ಲಿದ್ದರು. 1967ರಲ್ಲಿ ಫ್ರಾನ್ಸಿನಿಂದ ವಾಪಸ್ ಬರುವಾಗ, ಹಿಂದೆ ವೀಸಾ ಅವಧಿ ಮೀರಿ ಉಳಿದಿದ್ದರು ಅನ್ನುವ ಕಾರಣಕ್ಕೆ ಬ್ರಿಟನ್ನಿನವರು ಒಳಗೆ ಬಿಡಲಿಲ್ಲ. ಉಳಿದವರು ಲಂಡನ್ನಿಗೆ ಹೋದರು, ಇವರು ಪ್ಯಾರಿಸ್ಸಿನಲ್ಲೇ ಉಳಿದರು. ಸಂಗಾತಿ ಗಿಲಿ ಸ್ಮಿತ್ ಜೊತೆ ಸೇರಿ ಹೊಸ ಬ್ಯಾಂಡ್ ಶುರು ಮಾಡಿದರು. 1968ರ ವಿದ್ಯಾರ್ಥಿ, ಕಾರ್ಮಿಕರ ಗಲಾಟೆಯ ಹೊತ್ತಿಗೆ ಪ್ಯಾರಿಸ್ ಬಿಟ್ಟು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಬೇಕಾಯಿತು. ಸ್ಯಾಕ್ಸೊಫೋನಿನ ಡಿಡಿಯೇ ಮಲೆರ್ಬ್ ಜೊತೆಯಾದದ್ದು ಅಲ್ಲೇ.

ಮತ್ತೆ ಫ್ರಾನ್ಸಿಗೆ ಬಂದ ಮೇಲೆ ಇವರ ಠಿಕಾಣಿ ಸಾನ್ಸ್ ಊರಿನ ಹತ್ತಿರ, ಕಾಡಿನ ಮಧ್ಯೆ ಇದ್ದ ಒಂದು ಹಳೇ ಬೇಟೆ ಮನೆ. ಬೇರೆ ಬೇರೆ ದೇಶದವರು ಅಲ್ಲಿ ಒಂದೇ ಸೂರಿನಡಿ ಇದ್ದರು. ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ) ನುಡಿಸುವ ಟಿಮ್ ಬ್ಲೇಕ್, ಗಿಟಾರಿನ ಸ್ಟೀವ್ ಹಿಲೇಜ್ ಇಂಗ್ಲೆಂಡಿನವರು. ಬಾಸ್ ನುಡಿಸುವ ಮೈಕ್ ಹೌಲೆಟ್ ಹುಟ್ಟಿದ್ದು ಫಿಜಿಯಲ್ಲಿ. ಡ್ರಮ್ಸ್ ನುಡಿಸುವ ಪಿಯೆರ್ ಮೊರ್ಲೆನ್ ಸ್ಟ್ರಾಸ್‌ಬರ್ಗಿನಲ್ಲಿ ಶಾಸ್ತ್ರೀಯವಾಗಿ ಕಲಿತು ಬಂದವರು.

ಸ್ಟುಡಿಯೋದಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ಮನೆಯಲ್ಲಿ ಆ ಗಡಿಬಿಡಿ ಇಲ್ಲ ಅಲ್ವಾ? 1973ರಲ್ಲಿ ‘ಏಂಜಲ್ಸ್ ಎಗ್’ ಆಲ್ಬಮ್ಮಿನ ರೆಕಾರ್ಡಿಂಗಿಗೆ ಅವರು ಸ್ಟುಡಿಯೋಗೆ ಹೋಗಲಿಲ್ಲ. ರೆಕಾರ್ಡಿಂಗ್ ವ್ಯಾನೇ ಕಾಡಿನ ಮನೆಗೆ ಬಂತು. ಅದರಲ್ಲಿ ಆಲೆನ್ ಅವರ ಗ್ಲಿಸಾಂಡೊ ಗಿಟಾರನ್ನು ಗಮನವಿಟ್ಟು ಕೇಳಿ. ತಂತಿ ಮೀಟುವುದಿಲ್ಲ, ಲೋಹದ ಒಂದು ಕಡ್ಡಿಯಿಂದ ಮೆತ್ತಗೆ ಸವರುತ್ತಾರೆ, ಅದಕ್ಕೆ ಎಕೋ ಸೇರಿಸುತ್ತಾರೆ. ತಂಬೂರಿ ಶ್ರುತಿಯ ಹಾಗೆ ಆ ನಾದ ಹಿಂದೆ ತುಂಬಿಕೊಂಡಿರುತ್ತದೆ. ಅದರ ಮೇಲೆ ಗಿಲಿ ಸ್ಮಿತ್ ಪಿಸುಗುಡುತ್ತಾರೆ. ಇಂಥದ್ದಕ್ಕೆ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡಬೇಕು. ದಿನಾ ಜೊತೆಗೆ ನುಡಿಸಿದವರಿಗೆ ಮಾತ್ರ ಬರುವ ಹೊಂದಾಣಿಕೆ ಅದು ಅಂತ ನನ್ನ ನಂಬಿಕೆ. ಹಾರುವ ಟೀ ಪಾತ್ರೆ, ಗಾಂಗ್ ಗ್ರಹ ಅಂತೆಲ್ಲ ಆಲೆನ್ ಹಾಡುಗಳಲ್ಲಿ ಕಟ್ಟಿದ ಕಥೆ ಸೊಗಸಾಗಿದೆ. ಆದರೆ ನನ್ನನ್ನು ಹಿಡಿದದ್ದು ಈ ಹೊಂದಾಣಿಕೆಯೇ.

ಹಾಗಂತ ಎಲ್ಲರಿಗೂ ಸುಖ ಇತ್ತು ಅನ್ನಲಾರೆ. ಆಲೆನ್, ಗಿಲಿ ಅವರಿಗೆ ಇಬ್ಬರು ಪುಟ್ಟ ಗಂಡು ಮಕ್ಕಳು. ಕೊನೆಗೆ ಮಕ್ಕಳಿಗೋಸ್ಕರ ಬ್ಯಾಂಡ್ ಬಿಟ್ಟವರು ತಾಯಿ. ಹೀಗೆ ಒಟ್ಟಿಗೆ ಬಾಳುವುದರ ಬಗ್ಗೆ ಹೊಗಳಿ ಮಾತಾಡುವವರು ಇದನ್ನು ಜಾಸ್ತಿ ಹೇಳುವುದಿಲ್ಲ, ನನಗೆ ಅದೇ ಬೇಜಾರು. 1974ರಲ್ಲಿ ಬ್ಯಾಂಡ್ ಇಂಗ್ಲೆಂಡಿಗೆ ಬಂತು, ಮರುವರ್ಷ ಆಲೆನ್ ಕೂಡ ಬ್ಯಾಂಡ್ ಬಿಟ್ಟರು.

ಮೊದಲು ‘ಏಂಜಲ್ಸ್ ಎಗ್’ ಕೇಳಿ, ಆಮೇಲೆ 1974ರ ‘ಯೂ’. ಎರಡನೆಯದರ ಉದ್ದನೆಯ ಹಾಡುಗಳಲ್ಲಿ ಹೌಲೆಟ್ ಮತ್ತು ಮೊರ್ಲೆನ್ ಇಬ್ಬರನ್ನೇ ಹಿಂಬಾಲಿಸಿ. ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.